ಓದುವವನು, ನೋಡುವವನು

ಹೇಳಿಬಿಟ್ಟರೆ ಏನಾದೀತು? ಏನೂ ಆಗಲಿಕ್ಕಿಲ್ಲ. ಸತ್ತವನ ಹೆಂಡತಿ ಅಳಬಹುದು, ಇಲ್ಲವೇ ಅಳದೆ ಸುಮ್ಮನೆ ತನ್ನ ಮುಖವನ್ನೇ ನೋಡಬಹುದು. ಅವನಿಗೆ ಬೇಡವಾಗಿದ್ದದ್ದು ಆ ನೋಟ. ಹೇಳದಿದ್ದರೆ? ಹೇಳದಿದ್ದರೂ ಸೂರ್ಯ ಹುಟ್ಟುತ್ತಾನೆ, ಬಸ್ಸು ಬರುತ್ತದೆ, ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವುದೂ ಇದ್ದದ್ದೇ. ಹಾಗಾದರೆ ಇಷ್ಟು ದಿನ ತಾನು ತೂಗುತ್ತಿರುವ ತಕ್ಕಡಿಯಲ್ಲಿ ಇರುವುದಾದರೂ ಏನು? ಕನ್ನಡಿಯ ಮುಂದೆ ಅರ್ಧ ಗಡ್ಡ ಕೆರೆದು ನಿಂತವನು ಕತ್ತಿನ ಪಕ್ಕದಲ್ಲಿ ಚರ್ಮದ ಕೆಳಗೆ ಏನೋ ಒಂದು ಪುಟ್ಟ ಪ್ರಾಣಿ ಮಿಸುಕುವಂತೆ ಮಿಸುಕುತ್ತಿದ್ದ ನಾಡಿಯನ್ನು ನೋಡಿದ. ಅದು ನಿಲ್ಲುವುದಕ್ಕೆ ಕಾರಣವೇನೂ ಬೇಕಾಗಿಲ್ಲ. ನಡೆಯುವುದಕ್ಕೂ ಯಾರ ಅಪ್ಪಣೆಯನ್ನೂ ಕೇಳಿದ್ದಲ್ಲ. ಇಷ್ಟು ವರ್ಷ ತನ್ನೊಳಗೆ ಬಾಡಿಗೆಯಿಲ್ಲದೆ ಕೂತು ಕುಟ್ಟುತ್ತಿದ್ದ ಇದರ ಕಡೆ ಒಮ್ಮೆಯೂ ಗಮನ ಕೊಡದೆ ಹೇಗೆ ಬದುಕಿದ್ದೆ ಎಂದು ಅವನಿಗೆ ಆಶ್ಚರ್ಯವಾಯಿತು. ಕಚೇರಿಯಲ್ಲಿ ಎಲ್ಲರೂ ರೇಡಿಯೋ ಎನ್ನುತ್ತಿದ್ದ ಜೊತೆಗಾರ ಸತ್ತ ಮೇಲೆ ಅವನಿಗೆ ಆ ನಾಡಿಯ ಸದ್ದು ಬಿಟ್ಟು ಬೇರೇನೂ ಸರಿಯಾಗಿ ಕೇಳಿಸುತ್ತಿರಲಿಲ್ಲ. ಗೊತ್ತಿಲ್ಲದಂತೆ ಅವನ ಎಡಗೈ ಎದೆಯ ಮೇಲೆ ಹೋಯಿತು.

"ಇವತ್ತೂ ಶುರು ಆಯ್ತಾ?" ಹಿಂದಿನಿಂದ ಹೆಂಡತಿ ಅಂದಳು. "ಹಾಗೆ ಮುಟ್ಟಿ ಮುಟ್ಟಿ ನೋಡ್ಕೊಳ್ಳೋಕೆ ಅದೇನು ಓಡಿ ಹೋಗುತ್ತಾ?"

"ಓಡದೆ ನಿಂತ್ರೇನೇ ಕಷ್ಟ."

"ಡಾಕ್ಟ್ರು ಏನಂದ್ರು? ನಿಮ್ಮ ಹೃದಯ ಕುದುರೆ ಹಾಗಿದೆ ಅಂದ್ರು."

"ಕುದುರೇನೂ ಸಾಯುತ್ತೆ."

"ಸಾಯುತ್ತೆ. ಆದ್ರೆ ತಿಂಡಿ ತಿಂದು ಸಾಯುತ್ತೆ. ಬನ್ನಿ, ಆರಿಹೋಗ್ತಿದೆ." ಒಳಗೆ ಹೋಗುತ್ತಿದ್ದವಳು ಬಾಗಿಲಲ್ಲೇ ನಿಂತು, ದನಿ ತಗ್ಗಿಸಿ, "ಇವತ್ತಲ್ವಾ ಆಯಮ್ಮ ಆಫೀಸಿಗೆ ಬರೋದು? ಗಂಡನ ಸಾಮಾನು ತಗೊಂಡು ಹೋಗೋಕೆ? ಎರಡು ಒಳ್ಳೆ ಮಾತಾಡಿ ಅವರ ಹತ್ರ. ಗರ ಬಡಿದೋರ ಹಾಗೆ ನಿಂತ್ಕೋಬೇಡಿ. ಕೊನೇ ಗಳಿಗೇಲಿ ಜೊತೇಲಿದ್ದೋರು ನೀವೊಬ್ರೇ. ಏನಾದ್ರೂ ಕೇಳೇ ಕೇಳ್ತಾರೆ," ಎಂದಳು.

ಕೇಳೇ ಕೇಳುತ್ತಾರೆ. ಕತ್ತಿಯ ತುದಿ ಗಲ್ಲದ ಕೆಳಗೆ ಸಣ್ಣಗೆ ಕಚ್ಚಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವನು ಗಲ್ಲ ಮುಟ್ಟಿಕೊಂಡ. ಹೆಂಡತಿಗೆ ಏನೂ ಗೊತ್ತಿಲ್ಲ. ಗಂಡನಿಗೆ ಸಾವಿನ ಭಯ ಹಿಡಿದಿದೆ, ಪಕ್ಕದವನು ಹೋದ ಮೇಲೆ ಯಾರಿಗಾದರೂ ಹಿಡಿಯುವಂಥದ್ದೇ, ನಾಲ್ಕು ದಿನ ಇದ್ದು ಹೋಗುತ್ತದೆ ಎಂದಷ್ಟೇ ಅವಳ ಲೆಕ್ಕ. ಆ ಲೆಕ್ಕ ತಪ್ಪಲ್ಲ. ಆದರೆ ಭಯದ ಅಡಿಯಲ್ಲಿ ಇನ್ನೊಂದಿತ್ತು. ಭಯ ಅದರ ಮೇಲೆ ಹೊದೆಸಿದ ಬಟ್ಟೆ ಮಾತ್ರ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವನು ಮುಂದಿನ ಸೀಟುಗಳ ಮೇಲೆ ಸಾಲಾಗಿ ಕಾಣುತ್ತಿದ್ದ ತಲೆಗಳ ಹಿಂಭಾಗವನ್ನು ನೋಡಿದ. ಒಬ್ಬೊಬ್ಬರ ಕತ್ತಿನಲ್ಲೂ ಆ ಪುಟ್ಟ ಪ್ರಾಣಿ ಮಿಸುಕುತ್ತಿರಬೇಕು. ಯಾರಿಗೂ ಅದರ ನೆನಪಿಲ್ಲ. ಒಬ್ಬ ಆಕಳಿಸುತ್ತಿದ್ದ, ಒಬ್ಬಳು ಫೋನಿನಲ್ಲಿ ಯಾರಿಗೋ ಅಲಮಾರಿಯ ಬೀಗದ ಕೈ ಎಲ್ಲಿದೆಯೆಂದು ಮೂರನೆಯ ಸಲ ವಿವರಿಸುತ್ತಿದ್ದಳು. ಕಿಟಕಿಯ ಗಾಜಿನಲ್ಲಿ ಅವನ ಮುಖ ಅಂಗಡಿಗಳ ಮೇಲೆ, ಗೋಡೆಗಳ ಮೇಲೆ, ನಿಂತ ಕಾರುಗಳ ಮೇಲೆ ತೇಲಿಕೊಂಡು ಹೋಗುತ್ತಿತ್ತು. ಯಾವುದಕ್ಕೂ ತಾಗುತ್ತಿರಲಿಲ್ಲ. ಸತ್ತವರು ಊರಿನ ಮೇಲೆ ಹಾಯುವುದು ಹೀಗೆಯೇ ಇರಬಹುದು, ಯಾರಿಗೂ ತೊಂದರೆ ಕೊಡದೆ. ರೇಡಿಯೋ ಇದೇ ಬಸ್ಸಿಗೆ ಎರಡು ನಿಲ್ದಾಣ ಮುಂದೆ ಹತ್ತುತ್ತಿದ್ದ. ಬಸ್ಸು ಅಲ್ಲಿ ನಿಂತಿತು. ಬಾಗಿಲು ತೆರೆದುಕೊಂಡಿತು, ಯಾರೂ ಹತ್ತಲಿಲ್ಲ, ಮುಚ್ಚಿಕೊಂಡಿತು.

ಅವರಿಬ್ಬರದೂ ಒಂದೇ ಮೇಜು, ಒಂದೇ ದೀಪ. ಔಷಧಿಯ ಡಬ್ಬಿಯೊಳಗೆ ಮಡಿಸಿಟ್ಟಿರುತ್ತಾರಲ್ಲ, ಇರುವೆಯ ಮೊಟ್ಟೆಯಂಥ ಅಕ್ಷರದ ಆ ತೆಳು ಚೀಟಿಗಳು, ಅವುಗಳನ್ನು ಅಚ್ಚು ಹಾಕುವ ಮುದ್ರಣಾಲಯ ಅದು. ಅಚ್ಚಿಗೆ ಹೋಗುವ ಮೊದಲು ಪ್ರತಿಯೊಂದು ಚೀಟಿಯನ್ನೂ ಇಬ್ಬರು ತಾಳೆ ನೋಡಬೇಕು. ಒಬ್ಬ ಮೂಲ ಪ್ರತಿಯನ್ನು ಗಟ್ಟಿಯಾಗಿ ಓದುತ್ತಾನೆ, ಕಾಮಾ ಇದ್ದರೆ ಕಾಮಾ ಎನ್ನುತ್ತಾನೆ, ಸಾಲು ಮುರಿದರೆ ಸಾಲು ಎನ್ನುತ್ತಾನೆ. ಇನ್ನೊಬ್ಬ ಅಚ್ಚಿನ ಹಾಳೆಯ ಮೇಲೆ ಬೆರಳು ಓಡಿಸುತ್ತಾ ಕೇಳಿದ್ದು ಅಲ್ಲಿದೆಯೋ ಎಂದು ನೋಡುತ್ತಾನೆ. ಒಂದು ಸೊನ್ನೆ ಹೆಚ್ಚಾದರೆ ಎಲ್ಲೋ ಯಾರೋ ಸಾಯಬಹುದು ಎಂದು ಕೆಲಸಕ್ಕೆ ಸೇರಿದ ದಿನ ಹೇಳಿದ್ದರು. ಆಮೇಲೆ ಆ ಮಾತು ಯಾರ ಬಾಯಲ್ಲೂ ಬಂದಿರಲಿಲ್ಲ. ರೇಡಿಯೋ ಓದುವವನು, ಇವನು ನೋಡುವವನು. ಬೆಳಗಿನಿಂದ ಸಂಜೆಯವರೆಗೆ ನಿಲ್ಲದೆ ನುಡಿಯುತ್ತಿದ್ದನಾದ್ದರಿಂದ ಅವನಿಗೆ ಆ ಹೆಸರು. ಓದುವಾಗ ಅವನ ದನಿ ನುಣ್ಣನೆಯ ನೆಲದ ಮೇಲೆ ಉರುಳುವ ಗೋಲಿಯ ಹಾಗೆ ಏರಿಳಿತವಿಲ್ಲದೆ ಹೋಗುತ್ತಿತ್ತು. ಆ ದನಿಯಲ್ಲಿ ಜ್ವರವೂ ಒಂದೇ, ಪಾರ್ಶ್ವವಾಯುವೂ ಒಂದೇ, 'ಮಕ್ಕಳ ಕೈಗೆ ಸಿಗದಂತೆ ಇಡಿ' ಎನ್ನುವುದೂ ಒಂದೇ. ವರ್ಷಗಟ್ಟಲೆ ಕೇಳಿ ಕೇಳಿ ಇವನ ಕಿವಿಗೂ ಬೆರಳಿಗೂ ನಡುವೆ ನೇರ ದಾರಿಯೊಂದು ಬಿದ್ದುಹೋಗಿತ್ತು. ಮಾತು ಕಿವಿಯಲ್ಲಿ ಬಿದ್ದರೆ ಸಾಕು, ಬೆರಳು ಅದನ್ನು ಹಾಳೆಯಲ್ಲಿ ಹುಡುಕುತ್ತಿತ್ತು. ನಡುವೆ ಅವನು ಬೇಕೇ ಇರಲಿಲ್ಲ.

ರೇಡಿಯೋ ಸತ್ತ ಆ ಮಧ್ಯಾಹ್ನವೂ ಹಾಗೇ ಆದದ್ದು, ಅಷ್ಟೇ. ಇದನ್ನು ಅವನು ತನಗೆ ತಾನೇ ಎಷ್ಟು ಸಲ ಹೇಳಿಕೊಂಡಿದ್ದನೋ. ಕೆಳಗೆ ಯಂತ್ರ ಕಾಯುತ್ತಿತ್ತು, ಮೇಲಿನವರು ಎರಡು ಸಲ ಬಾಗಿಲಲ್ಲಿ ಇಣುಕಿ ಹೋಗಿದ್ದರು. ರಕ್ತದೊತ್ತಡದ ಮಾತ್ರೆಯ ಚೀಟಿ. ರೇಡಿಯೋ ಅಡ್ಡಪರಿಣಾಮಗಳನ್ನು ಓದುತ್ತಿದ್ದ, ತಲೆಸುತ್ತು, ಕಾಮಾ, ಬಾಯಿ ಒಣಗುವುದು, ಕಾಮಾ, ಕಾಲಿನ ಊತ, ಕಾಮಾ. ಆಮೇಲೆ, "ಎದೆ ಹಿಡ್ಕೋತಾ ಇದೆ" ಅಂದ. ಇವನ ಬೆರಳು ಹಾಳೆಯ ಮೇಲೆ ಮುಂದಕ್ಕೆ ಹೋಯಿತು, ಹಿಂದಕ್ಕೆ ಬಂತು. ಸಿಗಲಿಲ್ಲ. "ಅದು ಇಲ್ಲಿಲ್ಲ. ಮುಂದೆ ಓದು," ಎಂದ. ಎಂದದ್ದು ತಾನಲ್ಲ, ಬೆರಳು. ರೇಡಿಯೋ ಮುಂದೆ ಓದಿದ. ಅದೇ ನಡುಗಿಸುತ್ತದೆ, ಅವನು ಮುಂದೆ ಓದಿದ. ಒಂದು ಸಾಲು ಮುಗಿಸಿ, ಇನ್ನೊಂದರ ನಡುವೆ, ಕಾಮಾ ಎಂದು ಹೇಳಿ, ದೀಪದ ಕೆಳಗೆ ಹಾಳೆಯ ಮೇಲೆ ಕೆನ್ನೆಯಿಟ್ಟು ಮಲಗಿದ.

ಬಸ್ಸಿಳಿದು ಅವನು ಕಚೇರಿಗೆ ಬಂದಾಗ ಮೇಜಿನ ಸುತ್ತ ಗದ್ದಲವಿತ್ತು. ಬೆಂಕಿಯ ಅಣಕು ಅಭ್ಯಾಸದ ದಿನ ಅದು ಎಂಬುದೇ ಅವನಿಗೆ ಮರೆತುಹೋಗಿತ್ತು. ಕಾಗದ, ಶಾಯಿ, ಸೀಮೆಎಣ್ಣೆ ತುಂಬಿದ ಕಟ್ಟಡ. ಆಗಾಗ ಗಂಟೆ ಬಾರಿಸಿ ಎಲ್ಲರನ್ನೂ ಹೊರಗೋಡಿಸಿ ನೋಡಬೇಕೆಂದು ನಿಯಮ. ಅದರ ಉಸ್ತುವಾರಿಯವನು ಕತ್ತಿನಲ್ಲಿ ಸದಾ ಸೀಟಿಯೊಂದನ್ನು ನೇತುಹಾಕಿಕೊಂಡಿರುತ್ತಿದ್ದುದರಿಂದ ಎಲ್ಲರಿಗೂ ಅವನು ಸೀಟಿ ಸಾಹೇಬ. ಅಭ್ಯಾಸ ನಿಜವೆನ್ನಿಸಲೆಂದು ಅವನು ಕೆಲವರಿಗೆ ಕೊರಳಲ್ಲಿ ಚೀಟಿ ಕಟ್ಟುತ್ತಿದ್ದ. ಒಬ್ಬರಿಗೆ ಸುಟ್ಟಗಾಯ, ಒಬ್ಬರಿಗೆ ಮುರಿದ ಕಾಲು, ಒಬ್ಬರಿಗೆ ಸಾವು. ಅವರು ಹೇಳಿದಲ್ಲಿ ಬಿದ್ದುಕೊಂಡಿರಬೇಕು, ಸ್ಟ್ರೆಚರಿನವರು ಬಂದು ಎತ್ತಿಕೊಂಡು ಹೋಗಬೇಕು.

"ನನಗೆ ಸಾಯೋದೇ ಕೊಡಿ ಸಾರ್," ಕೆಳಗಿನ ವಿಭಾಗದಿಂದ ರೇಡಿಯೋನ ಕುರ್ಚಿಗೆ ಹೊಸದಾಗಿ ಬಂದಿದ್ದ ಓದುವ ಹುಡುಗಿ ಗೋಗರೆಯುತ್ತಿದ್ದಳು. "ಮುರಿದ ಕಾಲಿಗೆ ಅಷ್ಟೊತ್ತು ಕಿರುಚಬೇಕು. ಸತ್ತರೆ ಆರಾಮಾಗಿ ಮಲಗಬಹುದು."

"ನಿನಗೆ ಸಾಯೋಕೆ ಬರಲ್ಲಮ್ಮ. ಹೋದ ಸಲ ಸುಟ್ಟಗಾಯ ಕೊಟ್ಟಾಗ ಗಹಗಹಿಸಿ ನಗ್ತಿದ್ದೆ," ಎಂದ ಸೀಟಿ ಸಾಹೇಬ, ಸುತ್ತ ಕಣ್ಣಾಡಿಸಿ ಇವನಲ್ಲಿ ನಿಲ್ಲಿಸಿದ. "ಇಗೋ, ಇವರು ಸರಿ. ಮುಖದಲ್ಲಿ ಕಳೇನೂ ಇದೆ."

ಎಲ್ಲರೂ ನಕ್ಕರು. ನಕ್ಕು, ಅದು ಯಾವ ಮೇಜು, ಎದುರಿನದು ಯಾವ ಕುರ್ಚಿ ಎಂದು ನೆನಪಾಗಿ ಒಬ್ಬೊಬ್ಬರೇ ನಗು ನಿಲ್ಲಿಸಿದರು. ಇವನು ಮಾತ್ರ ನಗುತ್ತಲೇ ಇದ್ದ. ಅಂಥ ಹೊತ್ತಿನಲ್ಲಿ ನಗು ಯಾವಾಗ ನಿಲ್ಲಿಸಬೇಕೆಂಬುದು ಅವನಿಗೆ ಎಂದೂ ತಿಳಿದದ್ದಿಲ್ಲ. ಸೀಟಿ ಸಾಹೇಬ ದಾರ ಕಟ್ಟಿದ ಕಪ್ಪು ಅಂಚಿನ ಚೀಟಿಯನ್ನು ಕೊರಳಿಗೆ ಹಾಕಿ, ಹೊಗೆಯಿಂದ ಉಸಿರುಕಟ್ಟಿ ಹಿಂದಿನ ಮೆಟ್ಟಿಲಲ್ಲಿ ಬಿದ್ದಿದ್ದೀರಿ, ಮಾತಾಡೋ ಹಾಗಿಲ್ಲ, ಫೋನು ನೋಡೋ ಹಾಗಿಲ್ಲ, ಯಾರಾದರೂ ಬಂದು ಎತ್ತೋವರೆಗೆ ಏಳೋ ಹಾಗಿಲ್ಲ ಎಂದ. "ಅದು ಸರಿ," ಇವನು ಮೆಲ್ಲಗೆ ಕೇಳಿದ, "ಇವತ್ತು ಅವರ ಮನೆಯವರು ಬರ್ತಾರಲ್ಲ. ಸಾಮಾನು ನಾನೇ ಕೊಡಬೇಕಂತೆ." "ಅದೆಲ್ಲ ಆಮೇಲೆ. ಸತ್ತೋರಿಗೆ ಯಾತರ ಅವಸರ?" ಎಂದು ಅವನು ಬೆನ್ನು ತಟ್ಟಿದ. ತಟ್ಟಿದ ಜಾಗದಿಂದ ಏನೋ ಹಗುರವಾದದ್ದು ಒಳಗೆ ಹರಡಿತು. ಆಕೆ ಬರುವ ಹೊತ್ತಿಗೆ ತಾನು ಇರುವುದಿಲ್ಲ. ಬೇರೆ ಯಾರಾದರೂ ಕೊಟ್ಟು ಕಳಿಸುತ್ತಾರೆ.

ಹಿಂದಿನ ಮೆಟ್ಟಿಲು ಯಾರೂ ಬಳಸದ್ದು. ನಡುವೆ ತಿರುವಿನಲ್ಲಿ ಒಂದು ಚೌಕದಷ್ಟು ಜಾಗ, ಮೇಲೊಂದು ಕೈಗೆಟುಕದ ಕಿಟಕಿ. ಕರವಸ್ತ್ರ ಹಾಸಿ, ಅದರ ಮೇಲೆ ತಲೆಯಿಟ್ಟು ಅವನು ಅಂಗಾತ ಮಲಗಿದ. ಗಂಟೆ ಹೊಡೆಯಿತು. ಕಟ್ಟಡದ ತುಂಬ ಕಾಲುಗಳು ಓಡಿದವು, ಎಲ್ಲೋ ಹುಡುಗಿ ಕಾಲು ಮುರಿದು ಕಿರುಚಿದಳು, ನಗು, ಸೀಟಿ, ಬಾಗಿಲುಗಳು. ಆಮೇಲೆ ಯಂತ್ರಗಳು ಒಂದೊಂದಾಗಿ ನಿಂತವು. ಅವನು ಕೆಲಸಕ್ಕೆ ಸೇರಿದ ದಿನದಿಂದ ಆ ನೆಲ ನಡುಗದೆ ಇದ್ದದ್ದನ್ನು ಕಂಡಿರಲಿಲ್ಲ. ಎಷ್ಟು ಸಣ್ಣ ನಡುಕವೆಂದರೆ ಅದು ನಿಂತಾಗಲೇ ಇತ್ತೆಂದು ತಿಳಿಯುವಂಥದ್ದು. ಈಗ ಕಲ್ಲು ಬರೀ ಕಲ್ಲಾಗಿ ಬೆನ್ನಿಗೆ ತಣ್ಣಗೆ ತಾಗಿತು. ಕಿಟಕಿಯಿಂದ ಇಳಿದ ಬೆಳಕಿನ ಕೋಲಿನಲ್ಲಿ ಧೂಳು ಏಳುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ. ಚಾವಣಿಯಲ್ಲಿ ನೀರಿನ ಕಲೆಯೊಂದು ಅಂಚು ಹಳದಿಗಟ್ಟಿ ಹರಡಿತ್ತು, ಯಾರೂ ಹೋಗಿಬಾರದ ದೇಶದ ನಕಾಶೆಯ ಹಾಗೆ. ಅದರ ತೀರದಲ್ಲಿ ಒಂದು ಕೊಲ್ಲಿ, ಕೊಲ್ಲಿಯಲ್ಲಿ ಒಂದು ಚುಕ್ಕೆ ದೋಣಿ. ಅವನು ಆ ದೋಣಿಯನ್ನು ನೋಡುತ್ತಾ ಮಲಗಿದ. ಎದೆಯ ಸದ್ದು ಕೇಳಿಸುತ್ತಿಲ್ಲ ಎಂಬುದು ಬಹಳ ಹೊತ್ತಿನ ಮೇಲೆ ಹೊಳೆಯಿತು. ಹೊಳೆದರೂ ಕೈ ಮೇಲೇಳಲಿಲ್ಲ. ಇಷ್ಟೆಯೇ? ಇಷ್ಟಕ್ಕೆ ತಾನು ಅಷ್ಟು ಹೆದರಿದ್ದೇ? ಚಿಕ್ಕವನಿದ್ದಾಗ ಕಣ್ಣಾಮುಚ್ಚಾಲೆಯಲ್ಲಿ ಮಂಚದ ಕೆಳಗೆ ಅಡಗಿದವನನ್ನು ಉಳಿದವರು ಮರೆತು ಬೇರೆ ಆಟಕ್ಕೆ ಹೋಗಿಬಿಟ್ಟಿದ್ದರು. ಅವನು ಅಲ್ಲೇ ಧೂಳಿನಲ್ಲಿ ಕೆನ್ನೆಯಿಟ್ಟು ಅಮ್ಮನ ಪಾದಗಳು ಅಡುಗೆಮನೆಗೆ ಹೋಗಿ ಬರುವುದನ್ನು ನೋಡುತ್ತಿದ್ದ. ಪಾದಗಳಿಗೆ ಗಡಿಬಿಡಿಯಿರಲಿಲ್ಲ. ತಾನಿಲ್ಲದ ಮನೆ ತಾನಿರುವ ಮನೆಯ ಹಾಗೇ ನಡೆಯುತ್ತದೆ ಎಂದು ಆಗಲೇ ಕಂಡಿದ್ದ. ಅಳು ಬಂದಿತ್ತು, ಜೊತೆಗೆ ಹೇಳಲಾರದ ಒಂದು ಸುಖವೂ ಆಗಿತ್ತು.

ಹೊರಗೆ ಅಂಗಳದಲ್ಲಿ ಧ್ವನಿವರ್ಧಕ ಗೊರಗೊರ ಎಂದಿತು. ಸೀಟಿ ಸಾಹೇಬನ ದನಿ. "ಎಲ್ಲರೂ ಹೊರಗೆ ಬಂದಿದ್ದಾರೆ. ಗಾಯಾಳುಗಳಿಗೆ ಚಿಕಿತ್ಸೆ ಆಗಿದೆ. ಪ್ರಾಣಹಾನಿ ಇಲ್ಲ." ಚಪ್ಪಾಳೆ. ಯಾರೋ ಟೀ ಬಂತು ಎಂದು ಕೂಗಿದರು. ಪ್ರಾಣಹಾನಿ ಇಲ್ಲ. ಸತ್ತವನನ್ನು ಎಣಿಸುವುದನ್ನೇ ಮರೆತಿದ್ದರು. ಏಳಬಹುದಿತ್ತು. ಎದ್ದು ಇಳಿದು ಹೋಗಿ ಒಂದು ಲೋಟ ಟೀ ಹಿಡಿದು, ನಾನು ಸತ್ತಿದ್ದೆ ಕಣ್ರಪ್ಪಾ ಎಂದರೆ ಒಳ್ಳೆಯ ತಮಾಷೆಯೇ ಆಗುತ್ತಿತ್ತು. ಆದರೆ ಏಳಲಿಕ್ಕೆ ಕಾರಣ ಸಿಗಲಿಲ್ಲ. ಹಾಗೆ ಮಲಗಿದ್ದವನ ಪಕ್ಕದಲ್ಲಿ, ಅವನು ಕಾಯದೆ ಇದ್ದಾಗ, ಆ ಮಧ್ಯಾಹ್ನ ತಾನಾಗಿ ಬಂದು ಕೂತಿತು. ಈ ಸಲ ಬೆರಳಿನ ನೆಪ ಹೇಳಲು ಅದು ಬಿಡಲಿಲ್ಲ. ರೇಡಿಯೋ ಓದುವ ದನಿ ಬೇರೆ, ಅವನ ಸ್ವಂತದ ದನಿ ಬೇರೆ. ಸ್ವಂತದ್ದು ತುಸು ಮೇಲೆ ಹತ್ತಿ, ಕೊನೆಯಲ್ಲಿ ಎಲ್ಲೋ ಸಿಕ್ಕಿಕೊಳ್ಳುತ್ತಿತ್ತು. ನಿದ್ದೆಯಲ್ಲಿ ಕೇಳಿದರೂ ಇವನಿಗೆ ಯಾವುದು ಯಾವುದೆಂದು ಗೊತ್ತಾಗುತ್ತಿತ್ತು. ಆ ಮಾತು ಸ್ವಂತದ ದನಿಯಲ್ಲಿ ಬಂದಿತ್ತು. ಅದು ಸಿಕ್ಕಿಕೊಂಡದ್ದೂ ಕೇಳಿಸಿತ್ತು. ಅಷ್ಟೇ ಅಲ್ಲ. ಇವನು ತಲೆಯೆತ್ತಿದ್ದ. ಎತ್ತಿ ನೋಡಿದ್ದ. ರೇಡಿಯೋನ ಮೇಲ್ದುಟಿಯ ಮೇಲೆ ಬೆವರಿನ ಹನಿಗಳಿದ್ದವು, ಕಣ್ಣು ಇವನನ್ನೇ ನೋಡುತ್ತಿತ್ತು, ಬಾಗಿಲಲ್ಲಿ ನಿಂತು ಒಳಗೆ ಬರಲೇ ಎಂದು ಕೇಳುವವನ ಹಾಗೆ. ಒಂದು ಕ್ಷಣ. ಆ ನೋಟಕ್ಕೆ ಏನು ಉತ್ತರ ಕೊಡಬೇಕೆಂದು ತಿಳಿಯದೆ, ತಿಳಿಯುವುದೂ ಬೇಡವಾಗಿ, ಇವನು ಕಣ್ಣು ಕೆಳಗಿಳಿಸಿ ಆ ಮಾತನ್ನು ಹಾಳೆಯಲ್ಲಿ ಹುಡುಕಿದ್ದ. ಇರುವುದಿಲ್ಲವೆಂದು ಗೊತ್ತಿದ್ದೇ ಹುಡುಕಿದ್ದ.

ಕೆಳಗೆ ಬಾಗಿಲು ಕಿರುಗುಟ್ಟಿತು. "ಲಿಫ್ಟು ಬಂದ್ ಮಾಡಿದಾರಮ್ಮ, ಹಿಂದಿನ ಮೆಟ್ಟಿಲಲ್ಲಿ ಹೋಗಿ," ಎಂದು ಕಾವಲುಗಾರ ಯಾರಿಗೋ ಹೇಳಿದ. ಯಾರೋ ಹತ್ತತೊಡಗಿದರು. ನಾಲ್ಕಾರು ಮೆಟ್ಟಿಲು, ಏದುಸಿರು, ಮತ್ತೆ ನಾಲ್ಕಾರು. ಬಟ್ಟೆಯ ಚೀಲ ಗೋಡೆಗೆ ಉಜ್ಜುವ ಸದ್ದು. ರೇಡಿಯೋನ ಹೆಂಡತಿಯೆಂದು ಅವನಿಗೆ ನೋಡದೆಯೇ ಗೊತ್ತಾಯಿತು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ. ಹೆಜ್ಜೆ ತಿರುವಿನಲ್ಲಿ ನಿಂತಿತು. "ಅಯ್ಯೋ," ಎಂದಿತು ಒಂದು ದನಿ, ಕೂಗಾಗದೆ, ಗಂಟಲಲ್ಲೇ. ಬಟ್ಟೆ ಸರಿದ ಸದ್ದು, ಮಂಡಿಯೂರಿದ ಸದ್ದು. ಆಮೇಲೆ ಮೂಗಿನ ಹತ್ತಿರ ಸೋಪಿನ ವಾಸನೆಯ ಬೆರಳುಗಳು ಬಂದು ಗಾಳಿಗಾಗಿ ಕಾದವು. ಅವನು ಉಸಿರು ಹಿಡಿದ. ಏಕೆಂದು ಅವನನ್ನು ಕೇಳಿದರೆ ಹೇಳಲಾರ. ಸತ್ತವನು ಎಂದು ಹೇಳಿದ್ದಾರೆ, ಹಾಗಾದರೆ ಉಸಿರಾಡಬಾರದು ಎಂಬ ಕಡುಪೆದ್ದ ವಿಧೇಯತೆಯೋ, ಆಕೆ ಎದ್ದು ಓಡಿಹೋಗಲಿ ಎಂಬ ಆಸೆಯೋ. ಬೆರಳುಗಳು ನಡುಗತೊಡಗಿದವು. ಈ ನಡುಕವನ್ನು ಈಕೆ ಹಿಂದೆ ಒಮ್ಮೆ ನಡುಗಿದ್ದಾಳೆ ಎಂದು ಹೊಳೆದದ್ದೇ ನಾಚಿಕೆ ಮೈಯೆಲ್ಲ ಬಿಸಿಯಾಗಿ ಹರಿದು, ಅವನ ಉಸಿರು ಭುಸ್ಸೆಂದು ಹೊರಬಿತ್ತು.

"ಇದೀರಾ?" ಆಕೆ ಕೇಳಿದಳು.

"ಇದೀನಿ." ಕಣ್ಣು ತೆರೆದ. "ಕ್ಷಮಿಸಿ. ಇದು ಸುಮ್ನೆ. ಅಭ್ಯಾಸ. ಬೆಂಕಿ ಬಿದ್ರೆ ಹೇಗೆ ಅಂತ..."

ಆಕೆ ಎದೆ ಹಿಡಿದುಕೊಂಡು ಮೇಲಿನ ಮೆಟ್ಟಿಲ ಮೇಲೆ ಕೂತಳು. ಸಣ್ಣ ಮೈಕಟ್ಟು, ತಲೆಯಲ್ಲಿ ಅರ್ಧ ಬಿಳಿ ಕೂದಲು. ಉಸಿರು ಹತೋಟಿಗೆ ಬಂದ ಮೇಲೆ ಬಾಗಿ ಅವನ ಕೊರಳ ಚೀಟಿಯನ್ನು ಓದಿದಳು. "ಮೃತ. ಹೊಗೆಯಿಂದ." ತುಟಿಯ ಒಂದು ಕೊನೆ ಅಲುಗಿತು. "ಅವರಿಗೂ ಇಂಥದ್ದೇ ಕಟ್ಟಿದ್ರು ಆಸ್ಪತ್ರೇಲಿ. ಕಾಲಿಗೆ."

ಅವನು ಗಡಬಡಿಸಿ ಏಳಹೋದ. "ಮಲಗಿ, ಮಲಗಿ," ಎಂದಳು. "ನಿಮ್ಮ ಕೆಲಸ ಯಾಕೆ ಕೆಡಬೇಕು. ನನಗೂ ಸ್ವಲ್ಪ ಸುಧಾರಿಸ್ಕೋಬೇಕು." ಎದ್ದರೆ ಆಕೆಯ ಮುಖಕ್ಕೆ ಮುಖ ಕೊಡಬೇಕು. ಅವನು ಮಲಗಿದ. ಚಾವಣಿಯ ದೋಣಿಯ ಮೇಲೆ ಕಣ್ಣಿಟ್ಟು ತಾನು ಯಾರೆಂದು ಹೇಳಿದ.

"ನೋಡೋರು ನೀವೇನಾ!" ಆಕೆಯ ದನಿ ಬದಲಾಯಿತು. "ಅವರು ಹಾಗೇ ಅನ್ತಿದ್ರು. ನಾನು ಓದೋನು, ಅವನು ನೋಡೋನು ಅಂತ. ಹೆಸರು ಒಂದು ಸಲಾನೂ ಹೇಳಿಲ್ಲ ನೋಡಿ. ಆಫೀಸಿನ ಬಗ್ಗೆ ಮನೇಲಿ ಆಡಿದ್ದು ಅದೊಂದೇ ಮಾತು ಇರಬೇಕು." ಚೀಲವನ್ನು ಮಡಿಲಿಗೆ ಎಳೆದುಕೊಂಡು ಮುಂದುವರಿಸಿದಳು, "ಅವತ್ತು ಇಲ್ಲಿಂದ ಫೋನು ಮಾಡಿದೋರು, ನಮ್ಮ ರೇಡಿಯೋ ಹೋಗಿಬಿಟ್ರು ಅಂದ್ರು ಕಣ್ರೀ, ದುಃಖದಲ್ಲಿ ಬಾಯಿ ತಪ್ಪಿ. ರಾಂಗ್ ನಂಬರ್ ಅಂತ ಇಟ್ಟುಬಿಟ್ಟೆ ನಾನು. ನಮ್ಮೋರು ಮನೇಲಿ ಉಪ್ಪು ಬೇಕಾದ್ರೂ ಕೈ ತೋರಿಸ್ತಿದ್ರು. ರೇಡಿಯೋ ಅಂತೆ!"

"ಮನೇಲಿ ಮಾತಾಡ್ತಾನೇ ಇರ್ಲಿಲ್ವಾ?"

"ಗಂಟಲು ಸವೆಸ್ಕೊಂಡು ಬರ್ತಾರೆ ಪಾಪ ಅಂತ ನಾನೂ ಮಾತಾಡಿಸ್ತಿರ್ಲಿಲ್ಲ. ಹಾಗೇ ರೂಢಿ ಆಗೋಯ್ತು. ಒಳ್ಳೆ ಮನುಷ್ಯ. ಆದ್ರೆ ಅವರ ಮಾತೆಲ್ಲ ನಿಮಗೇ ಖರ್ಚಾಗ್ತಿತ್ತು." ಅದನ್ನು ಆಕೆ ದೂರಿನಂತೆ ಹೇಳಲಿಲ್ಲ. ಹೊಟ್ಟೆಕಿಚ್ಚೂ ಅಲ್ಲ, ಪಕ್ಕದ ಮನೆಯ ತೋಟಕ್ಕೆ ಹರಿದುಹೋದ ನೀರಿನ ಬಗ್ಗೆ ಹೇಳುವ ಹಾಗೆ ಹೇಳಿದಳು. "ಏನ್ ಮಾತಾಡ್ತಿದ್ರು ಹೇಳಿ, ನಿಮ್ಮ ಹತ್ರ?"

ಅವನು ಹುಡುಕಿದ. ಊಟದ ಬಿಡುವಿನಲ್ಲಿ, ಬಸ್ಸಿನಲ್ಲಿ, ಯಂತ್ರ ಕೆಟ್ಟು ಕೂತ ಹೊತ್ತುಗಳಲ್ಲಿ ರೇಡಿಯೋ ಏನೇನೋ ಹೇಳಿರಬೇಕು. ಹೇಳಿದ್ದಾನೆ. ಮಳೆ ಬರುವ ಶಬ್ದದ ಹಾಗೆ ಆ ದನಿ ಕಿವಿಯಲ್ಲಿ ತುಂಬಿದೆ, ಮಾತು ಮಾತ್ರ ಒಂದೂ ನೆನಪಿಗೆ ಬರಲಿಲ್ಲ. ಎದುರು ಬದುರು ಕೂತು ಸವೆಸಿದ ಅಷ್ಟು ವರ್ಷಗಳಿಂದ ಬೊಗಸೆ ತುಂಬ ಅಲ್ಲ, ಚಿಟಿಕೆಯಷ್ಟನ್ನೂ ಎತ್ತಿ ಈಕೆಯ ಚೀಲಕ್ಕೆ ಹಾಕಲು ಅವನಲ್ಲಿರಲಿಲ್ಲ. ಅವನ ಹತ್ತಿರ ಇದ್ದದ್ದು ಒಂದೇ ಒಂದು ವಾಕ್ಯ. "ಹೀಗೇ," ಎಂದ. "ಲೋಕಾಭಿರಾಮ. ನಿಮ್ಮ ವಿಷಯಾನೂ."

"ಸತ್ತ ಎಮ್ಮೆಗೆ ಹತ್ತು ಸೇರು ಹಾಲು," ಆಕೆ ಮೆಲ್ಲಗೆ ನಕ್ಕಳು. "ಇರ್ಲಿ ಬಿಡಿ. ಓದ್ತಾ ಓದ್ತಾನೇ ಹೋದ್ರಂತಲ್ಲ. ಏನು ಓದ್ತಿದ್ರು?"

"ಔಷಧಿ ಚೀಟಿ. ಅಡ್ಡಪರಿಣಾಮ."

"ಅದರಲ್ಲಿ ಏನಿತ್ತು? ನೋಡಿದೋರು ನೀವಲ್ವಾ, ನೆನಪಿಲ್ವಾ?" ಅವನು ಕರವಸ್ತ್ರದ ಮೇಲೆ ತಲೆ ಸರಿಮಾಡಿಕೊಂಡ. "ಹೇಳಿ. ಅವರು ಹೇಳ್ತಿದ್ದ ಹಾಗೇ ಹೇಳಿ. ಅವರು ಓದಿದ್ದು ನಾನು ಒಂದು ಸಲಾನೂ ಕೇಳಿಲ್ಲ."

ಅವನು ಎಂದೂ ಗಟ್ಟಿಯಾಗಿ ಓದಿದವನಲ್ಲ. ಬಾಯಿ ತೆರೆದಾಗ ಬಂದ ದನಿ ಅವನದಾಗಿರಲಿಲ್ಲ, ನುಣ್ಣನೆಯ ನೆಲದ ಮೇಲೆ ಉರುಳುವಂಥದ್ದಾಗಿತ್ತು. "ಕೆಲವರಲ್ಲಿ ಈ ಕೆಳಗಿನವು ಕಾಣಿಸಿಕೊಳ್ಳಬಹುದು. ತಲೆಸುತ್ತು, ಕಾಮಾ, ಬಾಯಿ ಒಣಗುವುದು, ಕಾಮಾ..."

"ಕಾಮಾ ಅಂತಾನೂ ಅನ್ತಿದ್ರಾ?"

"ಹೂಂ. ಅನ್ನಲೇಬೇಕು."

"ಅಯ್ಯೋ ಶಿವನೇ. ನಿದ್ದೇಲೂ ಅನ್ತಿದ್ರು. ಯಾವಳಪ್ಪಾ ಇವಳು ಅಂತ ಒಂದು ವರ್ಷ ನಿದ್ದೆಗೆಟ್ಟಿದ್ದೆ ನಾನು." ಆಕೆ ನಕ್ಕಳು. ನಗು ಮೆಟ್ಟಿಲುಗಳನ್ನಿಳಿದು ಕೆಳಗೆ ಹೋಗಿ ಎಲ್ಲೋ ಬೇರೆಯಾಗಿ, ಮೂಗು ಸೊರಗುಟ್ಟಿದ ಸದ್ದಾಗಿ ಮುಗಿಯಿತು. "ಹೂಂ, ಹೇಳಿ."

"ಕಾಲಿನ ಊತ, ಕಾಮಾ," ಎಂದ. ಅಲ್ಲಿಗೆ ಬಂದು ನಿಂತ. ಧೂಳು ಬೆಳಕಿನಲ್ಲಿ ನಿಂತಿತ್ತು. ಈಗ ರೇಡಿಯೋ ಅಂದ ಆ ಮಾತಿನ ಸರದಿ. ಇಷ್ಟು ದಿನ ಬಾಗಿಲ ಹೊರಗೆ ನಿಲ್ಲಿಸಿದ್ದು ಈಗ ತಾನಾಗಿ ನಾಲಗೆಯ ತುದಿಗೆ ಬಂದು ಕೂತಿತ್ತು. ಅದೇ ಉರುಳುವ ದನಿಯಲ್ಲಿ, ಕಾಮಾದಿಂದ ಕಾಮಾಕ್ಕೆ ಹೋಗುವಾಗ ಅದನ್ನೂ ಉರುಳಿಸಿಬಿಟ್ಟರೆ ಸಾಕಾಗಿತ್ತು. ಬೇರೆ ಏನೂ ಮಾಡಬೇಕಾಗಿರಲಿಲ್ಲ.

"ಆಮೇಲೆ?" ಆಕೆ ಕೇಳಿದಳು.

ಅವನು ತಲೆ ಹೊರಳಿಸಿದ. ಆಕೆ ಕಣ್ಣು ಮುಚ್ಚಿಕೊಂಡಿದ್ದಳು. ಬೆನ್ನು ಗೋಡೆಗೆ, ಕೈಗಳು ಖಾಲಿ ಚೀಲದ ಮೇಲೆ. ಬಿಸಿಲಿಗೆ ಮುಖ ಕೊಟ್ಟವರ ಹಾಗೆ ಆ ಮುಖ ಸಡಿಲವಾಗಿ ಕಾದಿತ್ತು.

"ನಿದ್ದೆ ಬಾರದಿರುವುದು, ಕಾಮಾ," ಎಂದ, "ಹಸಿವಿಲ್ಲದಿರುವುದು, ಕಾಮಾ, ಸಾಲು. ಚರ್ಮದ ಮೇಲೆ ಗಂದೆ, ಕಾಮಾ."

"ಆಮೇಲೆ?"

"ಅಷ್ಟೇ. ಅಲ್ಲಿಗೆ ನಿಂತ್ರು."

ಆಕೆ ಕಣ್ಣು ತೆರೆಯಲಿಲ್ಲ. "ನಡುವೆ ಏನೂ ಅನ್ಲಿಲ್ವಾ? ನೀರು ಬೇಕು ಅಂತಾನೋ, ಏನೋ ಆಗ್ತಿದೆ ಅಂತಾನೋ?"

"ಇಲ್ಲ. ಓದ್ತಾನೇ ಇದ್ರು."

"ಹಾಗಾದ್ರೆ ಗೊತ್ತೇ ಆಗಿಲ್ಲ ಅನ್ನಿ ಅವರಿಗೆ," ಎಂದು ಆಕೆ ಉದ್ದಕ್ಕೆ ಉಸಿರು ಬಿಟ್ಟಳು. "ಅದೊಂದೇ ಕಣ್ರೀ ನನಗಿದ್ದ ಸಂಕಟ. ನೋವು ಗೊತ್ತಾಗಿ, ಮನೇಲಿದ್ದ ಹಾಗೇ ಇಲ್ಲೂ ಬಾಯಿ ಮುಚ್ಕೊಂಡು ಅನುಭವಿಸಿಬಿಟ್ರೇನೋ ಅಂತ. ನನ್ನ ಹತ್ರ ಬಿಡಿ, ನಿಮ್ಮ ಹತ್ರ ಆದ್ರೂ ಹೇಳೋರು ಅಲ್ವಾ?"

"ಹೇಳೋರು," ಎಂದ.

ಮೇಲಿನ ಬಾಗಿಲು ಧಡಾರನೆ ತೆರೆದು ಸೀಟಿ ಸಾಹೇಬ ಇಣುಕಿದ. "ಅಯ್ಯೋ, ನೀವಿನ್ನೂ ಇಲ್ಲೇ? ಏನ್ ಸಾರ್, ಒಂದು ಕೂಗು ಹಾಕಬಾರ್ದಾ?" ಎಂದವನು, ಆಕೆಯನ್ನು ಕಂಡು ಸೀಟಿಯನ್ನು ಅಂಗಿಯೊಳಗೆ ತೂರಿಸಿಕೊಂಡ. ಯಂತ್ರಗಳು ಶುರುವಾಗಿ ನೆಲ ಬೆನ್ನ ಕೆಳಗೆ ನಡುಗಿತು. ಅವನು ಎದ್ದು ಕೂತು ಕ್ಷಣ ತಲೆ ತಿರುಗಿದಂತಾಗಿ ಗೋಡೆ ಹಿಡಿದುಕೊಂಡ. ಆಕೆ ಅವನ ತೋಳಿಗೆ ಕೈ ಕೊಟ್ಟು ಎಬ್ಬಿಸಿದಳು, ಬೆನ್ನಿನ ಧೂಳನ್ನು ಎರಡು ಸಲ ಕೊಡವಿದಳು, ಮಗನದ್ದೋ ಗಂಡನದ್ದೋ ಕೊಡವುವ ಹಾಗೆ. ಇಬ್ಬರೂ ಮೇಲೆ ಹೋದರು. ಖಾನೆಯಿಂದ ಅವನು ಒಂದೊಂದಾಗಿ ತೆಗೆದುಕೊಟ್ಟ. ಕನ್ನಡಕ, ಟೀ ಲೋಟ, ಗಂಟಲಿಗೆಂದು ಇಟ್ಟುಕೊಂಡಿದ್ದ ಲವಂಗದ ಡಬ್ಬಿ. ಡಬ್ಬಿಯನ್ನು ಆಕೆ ಅಲ್ಲಾಡಿಸಿ ನೋಡಿ ಅವನ ಕಡೆಗೇ ಸರಿಸಿ, ನಿಮಗಿರಲಿ ಎಂದಳು. ಬಾಗಿಲ ತನಕ ಹೋದವಳು ತಿರುಗಿ, "ಬರ್ತೀನಿ. ಇವತ್ತು ನಿದ್ದೆ ಬರುತ್ತೆ ನನಗೆ," ಎಂದು ಕೈ ಮುಗಿದಳು. ಅವನೂ ಕೈ ಮುಗಿದ. ಎದುರು ಕುರ್ಚಿಯಲ್ಲಿ ಹುಡುಗಿ ಬಂದು ಕೂತು, ದೀಪ ಹಾಕಿ, ಹಾಳೆ ಹರಡಿ, ಗಂಟಲು ಸರಿಮಾಡಿಕೊಂಡು ಓದಲು ಶುರುಮಾಡಿದಳು. ಅವನ ಬೆರಳು ಹಾಳೆಯ ಮೇಲೆ ಹೊರಟಿತು. ಸ್ವಲ್ಪ ಹೊತ್ತಿಗೆ, ಅವಳ ದನಿಯಲ್ಲಿ ಏನೂ ಬದಲಾಗದಿದ್ದರೂ, ಅವನು ತಲೆಯೆತ್ತಿ ಅವಳ ಮುಖ ನೋಡಿದ.

"ಏನ್ ಸಾರ್? ತಪ್ಪು ಓದಿದ್ನಾ?"

"ಇಲ್ಲ. ಓದು."

ಎದೆ ಹಿಡಿದುಕೊಳ್ಳುತ್ತಿದೆ ಎಂದು ರೇಡಿಯೋ ಅವನಿಗೆ ಹೇಳಿದ್ದ. ಅವನು ತಲೆಯೆತ್ತಿ ರೇಡಿಯೋನ ಮುಖ ನೋಡಿದ್ದ, ಆಮೇಲೆ ಮುಂದೆ ಓದು ಎಂದಿದ್ದ. ಅದನ್ನು ಅವನು ಆಕೆಗೆ ಹೇಳಲಿಲ್ಲ. ಆ ಸಂಜೆ ಹೆಂಡತಿ ಕೇಳಿದಾಗಲೂ ಹೇಳಲಿಲ್ಲ. ಮುಂದೆಯೂ ಯಾರಿಗೂ ಹೇಳಲಿಲ್ಲ.